ನಾಲ್ಕು ದಿನಕ್ಕೆ ನಾಲ್ಕಿಂಚು

ದರ್ಜಿ ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. ಸುಳ್ಳು ಹೇಳಬೇಕಾದರೆ ಮೊದಲು ಬಾಯಿ ತೆರೆಯಬೇಕು. ಅವನು ಇಪ್ಪತ್ತೆರಡು ವರ್ಷದಿಂದ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬದುಕಿದವನು. ಗಿರಾಕಿಗಳು ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದ. ಹೆಂಡತಿ ಏನು ಕೇಳಿದರೂ, ಬಾಯಲ್ಲಿ ಸೂಜಿ ಇಲ್ಲದಿದ್ದಾಗಲೂ, "ಹ್ಞೂಂ" ಎನ್ನುತ್ತಿದ್ದ. ಇಂಥವನು ಒಂದು ಮಂಗಳವಾರ ಬೆಳಿಗ್ಗೆ ಸೂಜಿಗಳನ್ನು ಪಕ್ಕಕ್ಕಿಟ್ಟು ಪೂರ್ತಿ ಎರಡು ವಾಕ್ಯ ಮಾತಾಡಿದ. ಅದರಿಂದ ಬೀದಿಗೆ ಬೀದಿಯೇ ಕಾಯಿಲೆ ಬಿತ್ತು.

ಆ ಜ್ವರ ಊರಿಗೆ ಬಂದು ಆಗಲೇ ಎಂಟು ತಿಂಗಳಾಗಿತ್ತು. ಹನ್ನೊಂದು ಮನೆಗಳ ಆ ಸಣ್ಣ ಬೀದಿಯಲ್ಲಿ ಮರ್ಯಾದೆ ಎಂಬುದರ ಅರ್ಥವೇ ಬದಲಾಗಿತ್ತು. ಮೊದಲು ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋದರೆ ಸೊಕ್ಕು ಎನ್ನುತ್ತಿದ್ದರು. ಈಗ ಮಾತಾಡಿಸಲು ಹತ್ತಿರ ಬಂದವನನ್ನು ಚೂರಿ ಹಿಡಿದು ಬಂದವನಂತೆ ನೋಡುತ್ತಿದ್ದರು. ನಿವೃತ್ತ ಹೆಡ್‌ಮೇಷ್ಟ್ರು ಬಿಸಿಲಿಲ್ಲದಿದ್ದರೂ ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡೇ ಓಡಾಡುತ್ತಿದ್ದರು. ಕೊಡೆಯ ಕಡ್ಡಿಗಳು ಚಾಚಿದಷ್ಟು ದೂರ ಅವರ ಸರಹದ್ದು. ಬೇಕರಿ ನಡೆಸುವಾಕೆ ಬ್ರೆಡ್ಡನ್ನು ಒಲೆಗೂಡಿನಿಂದ ಎಳೆಯುವ ಉದ್ದ ಹಿಡಿಯ ಹಲಗೆಯ ಮೇಲಿಟ್ಟು, ಗಿರಾಕಿಗಳ ಮೂಗಿನ ಹತ್ತಿರಕ್ಕೆ ಈಟಿಯಂತೆ ಚಾಚುತ್ತಿದ್ದಳು. ಪೋಸ್ಟ್‌ಮ್ಯಾನ್ ಕರೆಗಂಟೆಗಳನ್ನು ಮೊಣಕೈಯಿಂದ ಒತ್ತಿ ಒತ್ತಿ ಅಂಗಿಯ ತೋಳಿಗೆ ತೂತು ಬೀಳಿಸಿಕೊಂಡಿದ್ದ. ದರ್ಜಿಯ ಹೆಂಡತಿ ಆಲೂಗಡ್ಡೆಗೆ ಸೋಪು ಹಾಕಿ ತಿಕ್ಕಿ, ಮೂರು ಸಲ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಹಾಕುತ್ತಿದ್ದಳು. ಆ ಮನೆಯಲ್ಲಿ ಎಂಟು ತಿಂಗಳು ಪಲ್ಯಕ್ಕೆ ಗುಲಾಬಿಯ ವಾಸನೆ.

ಇನ್ನುಳಿದ ಹೊತ್ತಿನಲ್ಲಿ ಜನ ಏನು ಮಾಡುತ್ತಿದ್ದರು? ಕೂತಿರುತ್ತಿದ್ದರು. ಲಾಡಿಯ ಪಾಯಿಜಾಮ ತೊಟ್ಟು, ಇಲ್ಲವೇ ದೊಗಳೆ ನೈಟಿ ತೊಟ್ಟು, ಕೂತು ತಿನ್ನುತ್ತಿದ್ದರು. ಲಾಡಿಯಂಥ ಸಭ್ಯ ವಸ್ತು ಇನ್ನೊಂದಿಲ್ಲ. ಎಷ್ಟು ಸಡಿಲಿಸಿದರೂ ಯಾರಿಗೂ ಹೇಳುವುದಿಲ್ಲ.

ಅಂಗಡಿಗಳನ್ನು ತೆರೆಯಬಹುದು ಎಂದು ಅಪ್ಪಣೆಯಾದ ಮೊದಲ ದಿನವೇ ಆರೋಗ್ಯ ನಿರೀಕ್ಷಕರು ಒಂದು ಕೈಯಲ್ಲಿ ನಿಯಮಗಳ ಪುಸ್ತಕ, ಇನ್ನೊಂದು ಕೈಯಲ್ಲಿ ಬೀಗ ಹಿಡಿದು ದರ್ಜಿಯ ಅಂಗಡಿಯ ಮುಂದೆ ನಿಂತರು. ಅವರು ಈ ಭಾಗಕ್ಕೆ ಹೊಸಬರು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ಮಾತೂ ನೆಟ್ಟಗೆ.

"ಇಲ್ಲಿ ಬರೆದಿದೆ ನೋಡಿ. ದರ್ಜಿಗಳು ಗಿರಾಕಿಯ ಮೈ ಮುಟ್ಟಬಾರದು. ಗಿರಾಕಿ ತೊಟ್ಟ ಹಳೇ ಬಟ್ಟೇನೂ ಅಳತೆಗೆ ಅಂತ ಮುಟ್ಟಬಾರದು. ಈಗ ಹೇಳಿ, ಅಳತೆ ಹೇಗೆ ತಗೋತೀರಿ?"

ದರ್ಜಿ "ಹ್ಞೂಂ" ಎಂದ.

"ಹ್ಞೂಂ ಅಂದ್ರೆ ಏನ್ರೀ? ಬೀಗ ಹಾಕ್ಲಾ?"

ದರ್ಜಿಗೆ ಒಳಗಿನ ಕೋಣೆಯಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು. ಅದು ಜ್ವರದ ಕೆಮ್ಮಲ್ಲ, ಎಚ್ಚರಿಕೆಯ ಕೆಮ್ಮು. ಇನ್ನು ಹನ್ನೆರಡು ದಿನಕ್ಕೆ ಅವಳ ತಂಗಿಯ ಮದುವೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಆ ನಾದಿನಿ ಅಕ್ಕ-ಭಾವನ ಜೊತೆಯಲ್ಲೇ ಇದ್ದಳು. ಜ್ವರದ ದೆಸೆಯಿಂದ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಮೂರನೆಯ ಸಲವೂ ಮುಂದಕ್ಕೆ ಹೋದರೆ ಹುಡುಗನಿಗೆ ಇನ್ನು ಎರಡು ವರ್ಷ ರಜೆ ಸಿಗುವುದಿಲ್ಲ. ಮೂವತ್ತು ಜನ ಸೇರಬಹುದು ಎಂದು ಅನುಮತಿ ಸಿಕ್ಕಿತ್ತು. ಆ ಮೂವತ್ತು ಜನವೂ ಹೊಸ ಬಟ್ಟೆಗೆ ಇದೇ ಅಂಗಡಿಯನ್ನು ನಂಬಿದ್ದರು.

ದರ್ಜಿ ಸೂಜಿಗಳನ್ನು ಬಾಯಿಂದ ತೆಗೆದ. "ನಾನು ಟೇಪು ಹಿಡಿಯೋದೇ ಇಲ್ಲ ಸಾರ್, ನಂದು ಬರೀ ಕಣ್ಣಳತೆ," ಎಂದ. ತನ್ನ ದನಿ ತನಗೇ ಹೊಸದೆನಿಸಿ, ಆ ಉತ್ಸಾಹದಲ್ಲಿ ಇನ್ನೊಂದು ವಾಕ್ಯವೂ ಬಂದುಬಿಟ್ಟಿತು. "ಗಿರಾಕಿ ರಸ್ತೆ ಆಚೆ ನಿಂತಿದ್ರೂ ಸಾಕು, ಅರ್ಧ ಇಂಚು ಆಚೀಚೆ ಆಗಲ್ಲ."

"ಹಾಗಾದ್ರೆ ಕೊರಳಲ್ಲಿ ನೇತಾಡ್ತಿರೋದೇನು?"

"ಅದು... ನಮ್ಮಪ್ಪನ ನೆನಪು ಸಾರ್."

ನಿರೀಕ್ಷಕರು ಟೋಪಿ ತೆಗೆದು ಒಂದು ಗಳಿಗೆ ಮೌನವಾಗಿ ನಿಂತರು. ಆಮೇಲೆ ತಮ್ಮ ವರದಿಯಲ್ಲಿ ಏನನ್ನೋ ಉದ್ದಕ್ಕೆ ಬರೆದುಕೊಂಡು, ಅಂಗಡಿಯ ಬಾಗಿಲಿಗೆ ಅನುಮತಿಯ ಹಸಿರು ಚೀಟಿ ಅಂಟಿಸಿ ಹೇಳಿದರು: "ಇಂಥ ವಿದ್ಯೆ ಇಟ್ಕೊಂಡು ಸುಮ್ನೆ ಕೂತಿದೀರಲ್ರೀ! ನನಗೂ ಒಂದು ಕೋಟು ಹೊಲೀರಿ. ಮದುವೆಗೆ ತಪಾಸಣೆಗೆ ಬರ್ಬೇಕು ನಾನು." ಹೇಳಿದವರೇ ರಸ್ತೆ ದಾಟಿ ಆಚೆ ಬದಿಯಲ್ಲಿ ಎದೆ ಉಬ್ಬಿಸಿ ನಿಂತುಬಿಟ್ಟರು.

ದರ್ಜಿ ಒಂದು ಕಣ್ಣು ಮುಚ್ಚಿದ. ತಲೆ ವಾಲಿಸಿದ. ಗಾಳಿಯಲ್ಲಿ ಬೆರಳಿನಿಂದ ಗೀಟು ಎಳೆದ. ಏನೂ ತಿಳಿಯಲಿಲ್ಲ. "ಆಯ್ತು ಸಾರ್," ಎಂದ.

ಅಂದು ಸಂಜೆ ಹೆಂಡತಿ ಕೇಳಿದಳು: "ಅಲ್ರೀ, ನಿಮಗೆ ಕಣ್ಣಳತೆ ಬರುತ್ತಾ? ಮೊನ್ನೆ ಬಾಗಿಲ ಪರದೆ ಹೊಲಿದಿರಿ, ಮೊಣಕಾಲಿಗೇ ನಿಂತಿದೆ."

"ಹ್ಞೂಂ," ಎಂದ ದರ್ಜಿ.

ಅವನಲ್ಲಿ ಒಂದು ಉಪಾಯವಿತ್ತು. ಬೀದಿಯವರೆಲ್ಲ ಹಳೆಯ ಗಿರಾಕಿಗಳು. ಎಲ್ಲರ ಎದೆ, ಸೊಂಟ, ತೋಳು, ಕುತ್ತಿಗೆ ಅವನ ಅಳತೆ ಪುಸ್ತಕದಲ್ಲಿ ಹೋದ ವರ್ಷವೇ ಬರೆದಿಟ್ಟದ್ದಿತ್ತು. ಪುಸ್ತಕದಲ್ಲಿ ಇಲ್ಲದವರು ನಿರೀಕ್ಷಕರೊಬ್ಬರೇ. ಅವರ ಬಗ್ಗೆ ಎರಡು ದಿನ ತಲೆ ಕೆರೆದುಕೊಂಡ. ಕೊನೆಗೆ ಅಂಗಡಿಯ ಮೂಲೆಯಲ್ಲಿದ್ದ, ತಲೆಯಿಲ್ಲದ ಪ್ರದರ್ಶನದ ಗೊಂಬೆಯನ್ನು ನೋಡಿ, ಅದೂ ಹೀಗೇ ನೆಟ್ಟಗೆ ನಿಲ್ಲುತ್ತದಲ್ಲ ಎನಿಸಿ, ಧೈರ್ಯ ಮಾಡಿ ಅದರ ಅಳತೆಗೇ ಕೋಟು ಕತ್ತರಿಸಿದ.

ಕೋಟು ನಿರೀಕ್ಷಕರ ಮೈಗೆ ಎರಕ ಹೊಯ್ದಂತೆ ಕೂತಿತು.

ಇನ್ನು ಕೇಳಬೇಕೆ? ಸೋಮವಾರ ಬೆಳಿಗ್ಗೆ ಎದುರು ಬದಿಯ ಕಾಲುದಾರಿಯಲ್ಲಿ ಬೀದಿಯೇ ಸಾಲುಗಟ್ಟಿತು. ಒಬ್ಬೊಬ್ಬರಾಗಿ ಬಂದು, ಪಾಯಿಜಾಮದಲ್ಲೇ ಕೈ ಅಗಲಿಸಿ ನಿಂತು, ನಿಧಾನವಾಗಿ ಒಂದು ಸುತ್ತು ತಿರುಗಿ ಹೋಗುವುದು. ದರ್ಜಿ ಕಣ್ಣು ಕಿರಿದು ಮಾಡಿ, ಗಾಳಿಯಲ್ಲಿ ಬೆರಳಾಡಿಸಿ, ಪರದೆಯ ಹಿಂದೆ ಹೋಗಿ ಪುಸ್ತಕ ನೋಡಿ ಬರುವುದು. ಕಣ್ಣಳತೆಯ ವೇಷ ಕಟ್ಟುವುದರಲ್ಲಿ ಅವನು ಎಷ್ಟು ಮುಳುಗಿದ್ದನೆಂದರೆ, ಎದುರಿಗಿದ್ದವರನ್ನು ನಿಜವಾಗಿ ನೋಡುವುದನ್ನೇ ಮರೆತಿದ್ದ.

ಹೆಡ್‌ಮೇಷ್ಟ್ರು ಕೊಡೆ ಮಡಚಿ, ಉಸಿರು ಬಿಗಿಹಿಡಿದು ನಿಂತರು. "ಏನಪ್ಪಾ, ಸೊಂಟ ಎಷ್ಟು ಕಾಣ್ಸುತ್ತೆ?"

ದರ್ಜಿ ಪರದೆಯ ಹಿಂದೆ ಹೋಗಿ ಬಂದ. "ಮೂವತ್ನಾಲ್ಕು ಸಾರ್."

"ಶಭಾಷ್! ಹೋದ ವರ್ಷಾನೂ ಅಷ್ಟೇ ಇತ್ತು! ಕೇಳಿದ್ರೇನ್ರಪ್ಪಾ ಎಲ್ಲಾ? ಮೂವತ್ನಾಲ್ಕು! ಶಿಸ್ತು ಅಂದ್ರೆ ಇದು."

ಹೀಗೆ ಅಂದು ಬೀದಿಯಲ್ಲಿ ಒಬ್ಬರಿಗೂ ಒಂದಿಂಚೂ ಹೆಚ್ಚಾಗಿರಲಿಲ್ಲ. ಎಲ್ಲರೂ ಹಾಡಿಕೊಂಡು ಮನೆಗೆ ಹೋದರು. ದರ್ಜಿಯ ಖ್ಯಾತಿ ಎಷ್ಟಾಯಿತೆಂದರೆ, ಅಂಗಡಿಯ ಮುಂದೆ ಹಾಯುವಾಗ ಬೇಕರಿಯಾಕೆ ಬ್ರೆಡ್ಡಿನ ಹಲಗೆಯನ್ನು ಮೈಗೆ ಅಡ್ಡ ಹಿಡಿಯತೊಡಗಿದಳು. "ಟೈಲರಣ್ಣ, ಆ ಕಡೆ ನೋಡಪ್ಪಾ. ನಿನ್ನ ಕಣ್ಣಿಗೆ ಹೆದರಿ ಜನ ಬೀದೀಲಿ ಓಡಾಡೋ ಹಾಗಿಲ್ಲ!"

ನಾಲ್ಕು ದಿನ ಯಂತ್ರಕ್ಕೆ ಉಸಿರು ಬಿಡಲು ಬಿಡುವಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಬಟ್ಟೆಗಳು ಮನೆಮನೆ ಸೇರಿದವು. ನಾಲ್ಕು ಗಂಟೆಗೆ ಬೀದಿ ಸ್ತಬ್ಧವಾಯಿತು. ಅಂಥ ಮೌನ ಜ್ವರ ಬಂದ ಮೊದಲ ವಾರದಲ್ಲೂ ಇರಲಿಲ್ಲ. ಹನ್ನೊಂದು ಮನೆಗಳ ಬಾಗಿಲು ಮುಚ್ಚಿತ್ತು. ಒಳಗೆ ಹನ್ನೊಂದು ಕನ್ನಡಿಗಳ ಮುಂದೆ ಜನ ಉಸಿರು ಬಿಗಿಹಿಡಿದು ನಿಂತಿದ್ದರು.

ಮೊದಲು ಕೇಳಿಸಿದ್ದು ಹೆಡ್‌ಮೇಷ್ಟ್ರ ಕೂಗು. "ಅಯ್ಯೋ! ನಾನು ಊದ್ಕೊಂಡಿದೀನಿ!"

ಅವರ ಪ್ಯಾಂಟಿನ ಎರಡು ತುದಿಗಳ ನಡುವೆ ನಾಲ್ಕು ಬೆರಳು ಅಂತರವಿತ್ತು. ಎದುರು ಮನೆಯ ಕಿಟಕಿ ತೆರೆಯಿತು. ಅಲ್ಲಿ ಬೇಕರಿಯಾಕೆ ಅರ್ಧ ತೋಳಿಗೆ ಸಿಕ್ಕಿಕೊಂಡ ರವಿಕೆಯಲ್ಲಿ ಕೈಗಳನ್ನು ಮೇಲೆತ್ತಿ ನಿಂತಿದ್ದಳು, ಇಳಿಸಲು ಬರುತ್ತಿರಲಿಲ್ಲ. "ಮೇಷ್ಟ್ರೇ, ನಿಮಗೂನಾ?"

ಹೆಡ್‌ಮೇಷ್ಟ್ರು ಗಣಿತ ಪಾಠ ಮಾಡಿದವರು. ಲೆಕ್ಕ ಹಾಕಿದರು. "ಸೋಮವಾರ ಟೈಲರ್ ನೋಡಿದಾಗ ಮೂವತ್ನಾಲ್ಕು. ಅವನ ಕಣ್ಣು ಅರ್ಧ ಇಂಚೂ ತಪ್ಪಲ್ಲ, ಸರ್ಕಾರವೇ ಒಪ್ಪಿದೆ. ಇವತ್ತು ಶುಕ್ರವಾರ, ಮೂವತ್ತೆಂಟು. ನಾಲ್ಕು ದಿನಕ್ಕೆ ನಾಲ್ಕಿಂಚು! ಊಟದಿಂದ ಹೀಗಾಗುತ್ತಾ? ಇದು ಆ ಜ್ವರದ ಹೊಸ ಲಕ್ಷಣ!"

ಕಿಟಕಿಯಿಂದ ಕಿಟಕಿಗೆ ಸುದ್ದಿ ಹಾರಿತು. ಗಾಬರಿಯಾಯಿತು ನಿಜ. ಆದರೆ ಆ ಗಾಬರಿಯಲ್ಲಿ ಒಂದು ಬಗೆಯ ನೆಮ್ಮದಿಯೂ ಬೆರೆತಿತ್ತು. ತಪ್ಪು ತಮ್ಮದಲ್ಲ, ರೋಗದ್ದು. ಪೋಸ್ಟ್‌ಮ್ಯಾನ್ ಒಬ್ಬನಿಗೆ ಮಾತ್ರ ಪ್ಯಾಂಟು ಸರಿಯಾಗಿ ಕೂತಿತ್ತು. ಎಂಟು ತಿಂಗಳೂ ದಿನಕ್ಕೆ ಹತ್ತು ಮೈಲಿ ನಡೆದವನು ಅವನು. ಪಾಪ, ಅದನ್ನು ಸಂತೋಷದಿಂದ ಹೇಳಿಕೊಂಡ.

"ಎಲ್ಲರಿಗೂ ಬಂದು ಇವನಿಗೊಬ್ಬನಿಗೇ ಬರ್ಲಿಲ್ಲ ಅಂದ್ರೆ?" ಎಂದಳು ಬೇಕರಿಯಾಕೆ. "ಹಂಚಿದವನು ಇವನೇ! ಮನೆಮನೆಗೆ ಕಾಗದದ ಜೊತೆ ಕೊಟ್ಟಿದಾನೆ!"

ಪೋಸ್ಟ್‌ಮ್ಯಾನ್ ಹೊಸ ಪ್ಯಾಂಟಿನಲ್ಲೇ ಓಡಿದ.

ಶನಿವಾರ ಬೆಳಿಗ್ಗೆ ಆರೋಗ್ಯ ನಿರೀಕ್ಷಕರು ಮಾಟವಾದ ಹೊಸ ಕೋಟು ತೊಟ್ಟು, ದಪ್ಪ ಹಗ್ಗದ ಸುರುಳಿ ಹೊತ್ತ ಇಬ್ಬರು ಕೆಲಸಗಾರರೊಂದಿಗೆ ಬೀದಿಯ ಬಾಯಿಗೆ ಬಂದರು. ಎಲ್ಲರೂ ಮನೆಯ ಮೆಟ್ಟಿಲುಗಳ ಮೇಲೆ ಬಂದು ನಿಂತರು.

"ಹೊಸ ಲಕ್ಷಣ, ಹೊಸ ಕ್ರಮ. ಈ ಬೀದಿಗೆ ಇಪ್ಪತ್ತೊಂದು ದಿನ ಹಗ್ಗ. ಒಳಗಿದ್ದವರು ಹೊರಗೆ ಹೋಗೋ ಹಾಗಿಲ್ಲ."

"ಸಾರ್, ನಾಳೆ ನನ್ನ ತಂಗಿ ಮದುವೆ!" ಎಂದಳು ದರ್ಜಿಯ ಹೆಂಡತಿ.

"ಮುಂದಕ್ಕೆ ಹಾಕಿ."

"ಎಷ್ಟು ಸಲಾಂತ ಹಾಕೋದು? ಮದುವೆ ಏನು ಕಿಟಕಿ ಪರದೇನಾ, ಎಳೆದಷ್ಟೂ ಹೋಗ್ತಾ ಇರೋಕೆ?"

ನಾದಿನಿ ಏನೂ ಅನ್ನಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದಳು. ಒಂದು ಸಲ ಭಾವನ ಕಡೆ ನೋಡಿದಳು, ಅಷ್ಟೆ. ಅತ್ತಿದ್ದರೆ ದರ್ಜಿ ಹೇಗೋ ತಡೆದುಕೊಳ್ಳುತ್ತಿದ್ದ. ಸುಮ್ಮನಿರುವವರ ಮಾತು ಸುಮ್ಮನಿರುವವರಿಗೆ ಬೇಗ ಕೇಳಿಸುತ್ತದೆ. ಬೀದಿಯ ಬಾಯಿಯಲ್ಲಿ ಕೆಲಸಗಾರರು ಹಗ್ಗದ ಮೊದಲ ಗಂಟು ಹಾಕುತ್ತಿದ್ದರು.

ದರ್ಜಿ ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ರಸ್ತೆಯ ನಡುವೆ ಬಂದ. "ಸಾರ್, ಹಗ್ಗ ಬಿಚ್ಚಿಸಿ. ಇದು ರೋಗ ಅಲ್ಲ. ನನಗೆ ಕಣ್ಣಳತೆ ಬರಲ್ಲ. ನಾನು ಹೇಳಿದ್ದು ಸುಳ್ಳು. ಹೋದ ವರ್ಷದ ಅಳತೆ ನೋಡ್ಕೊಂಡು ಹೊಲಿದೆ. ಎಲ್ಲರೂ ಎಂಟು ತಿಂಗಳು ಕೂತು... ಸ್ವಲ್ಪ..." ಮುಂದಿನ ಪದ ಬಾಯಿಗೆ ಬರಲಿಲ್ಲ. ಎರಡು ಕೈಗಳನ್ನೂ ಹೊಟ್ಟೆಯಿಂದ ಸ್ವಲ್ಪ ಮುಂದಕ್ಕೆ ಹಿಡಿದು ತೋರಿಸಿದ.

ತನ್ನನ್ನು ಎಲ್ಲರೂ ಕೊಂಡಾಡುತ್ತಾರೆ ಎಂದು ಅವನು ಎಣಿಸಿದ್ದ.

"ಏನಂದೆ?" ಹೆಡ್‌ಮೇಷ್ಟ್ರ ಕೊಡೆ ನಡುಗಿತು. "ನಾನು ದಪ್ಪ ಆಗಿದೀನಿ ಅಂತೀಯಾ? ನಾನು? ನೋಡಪ್ಪಾ, ರೋಗ ಯಾರಿಗೆ ಬೇಕಾದ್ರೂ ಬರಬಹುದು, ಅದಕ್ಕೊಂದು ಗೌರವ ಇದೆ. ಈ ಮಾತು ನಾನು ಸಹಿಸಲ್ಲ!"

"ನಮ್ಮ ಪಾಡಿಗೆ ನಾವು ಕಾಯಿಲೆ ಬಿದ್ದಿದೀವಿ, ನಿನಗೇನಪ್ಪಾ ಕಷ್ಟ?" ಎಂದಳು ಬೇಕರಿಯಾಕೆ. "ಕಟ್ರಪ್ಪಾ ಹಗ್ಗಾನ!"

ನಿರೀಕ್ಷಕರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಟೈಲರ್, ನಿಮ್ಮ ಕಷ್ಟ ಅರ್ಥ ಆಗುತ್ತೆ. ಮದುವೆಗೋಸ್ಕರ ನಿಮ್ಮ ವಿದ್ಯೇನೇ ಸುಳ್ಳು ಅಂತಿದೀರಿ. ಆದ್ರೆ ನನ್ನ ಕೋಟು? ನಾನು ನಿಮ್ಮ ಪುಸ್ತಕದಲ್ಲೇ ಇಲ್ಲ. ರಸ್ತೆ ಆಚೆ ನಿಂತಿದ್ದೆ. ಒಂದು ನೂಲೂ ತಪ್ಪಿಲ್ಲ!"

ದರ್ಜಿ ನಾದಿನಿಯ ಮುಖ ನೋಡಿದ. ಅಂಗಡಿಯೊಳಗೆ ಹೋಗಿ ಗೊಂಬೆಯನ್ನು ಎತ್ತಿಕೊಂಡು ಬಂದು ನಿರೀಕ್ಷಕರ ಪಕ್ಕದಲ್ಲಿ, ನಿಯಮದ ಪ್ರಕಾರ ಆರಡಿ ಬಿಟ್ಟು, ನಿಲ್ಲಿಸಿದ.

"ಇದರ ಅಳತೆ ಸಾರ್."

ಬೀದಿ ಒಮ್ಮೆ ನಿರೀಕ್ಷಕರನ್ನು ನೋಡಿತು, ಒಮ್ಮೆ ಗೊಂಬೆಯನ್ನು ನೋಡಿತು. ಅದೇ ಭುಜ, ಅದೇ ಎದೆ, ಅದೇ ನೆಟ್ಟನೆಯ ನಿಲುವು. ವ್ಯತ್ಯಾಸವೆಂದರೆ ಒಂದಕ್ಕೆ ತಲೆಯಿರಲಿಲ್ಲ. ಯಾರೋ ಕಿಸಕ್ಕೆಂದರು. ನಿರೀಕ್ಷಕರು ಮೊದಲ ಬಾರಿಗೆ ಬೆನ್ನನ್ನು ಸ್ವಲ್ಪ ಬಾಗಿಸಿ ನಿಂತು, "ಇದು ಕಾಕತಾಳೀಯ," ಎಂದರು. "ಸಾಕ್ಷಿ ಆಗಲ್ಲ. ಈ ಬೀದೀಲಿ ಒಬ್ಬರಾದ್ರೂ ಮುಂದೆ ಬಂದು, ನಾನು ದಪ್ಪ ಆಗಿದೀನಿ, ರೋಗ ಅಲ್ಲ ಅಂತ ಹೇಳ್ಲಿ. ಬಿಚ್ಚಿಸ್ತೀನಿ."

ಯಾರೂ ಅಲುಗಲಿಲ್ಲ. ಹತ್ತು ಮೆಟ್ಟಿಲುಗಳ ಮೇಲೆ ಜನ ತಮ್ಮ ಕಾಲುಗಳನ್ನು ನೋಡಿಕೊಂಡರು, ಕೆಲವರಿಗೆ ಕಾಣಿಸಲಿಲ್ಲ.

"ನಾನು ಆಗಿದೀನಿ," ಎಂಬ ದನಿ ಬಂತು.

ನಾದಿನಿ ಬಾಗಿಲು ಬಿಟ್ಟು ರಸ್ತೆಗಿಳಿದಳು. ಮದುವೆಯ ಹಿಂದಿನ ದಿನ ಯಾವ ಹೆಣ್ಣೂ ಬೀದಿಯ ನಡುವೆ ನಿಂತು ಹೇಳಲಾರದ ಮಾತನ್ನು, ಗ್ರಂಥಾಲಯದಲ್ಲಿ ಹತ್ತು ವರ್ಷ ಪಿಸುಗುಟ್ಟಿ ಅಭ್ಯಾಸವಾದವಳು, ಗಂಟಲು ಬಿಟ್ಟು ಹೇಳಿದಳು: "ನನ್ನ ಮದುವೆ ಗೌನು ಎಂಟು ತಿಂಗಳ ಹಿಂದಿನದು. ಮೂರು ವಾರದ ಹಿಂದೆ ಬಾಗಿಲು ಹಾಕ್ಕೊಂಡು ತೊಟ್ಟು ನೋಡಿದೆ. ಅರ್ಧಕ್ಕೇ ನಿಂತಿತು. ಅಕ್ಕಂಗೂ ಹೇಳಿಲ್ಲ. ಭಾವ, ಟೇಪು ಕೊಡಿ."

"ಮುಟ್ಟೋ ಹಾಗಿಲ್ಲ!" ನಿರೀಕ್ಷಕರು ಪುಸ್ತಕ ಎತ್ತಿದರು.

"ಅವರ‍್ಯಾಕೆ ಮುಟ್ಬೇಕು? ನಾನೇ ಸುತ್ಕೋತೀನಿ. ಅವರು ಅಲ್ಲಿಂದಾನೇ ಬರ‍್ಕೊಳ್ಲಿ."

  ಗಿರಾಕಿಯೇ ಟೇಪನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಓದಿ ಹೇಳಬಹುದೆಂದು ಎಂಟು ತಿಂಗಳಲ್ಲಿ ದರ್ಜಿಗೆ ಹೊಳೆದಿರಲಿಲ್ಲ. ಗಣಿತದ ಮೇಷ್ಟ್ರಿಗೆ ಹೊಳೆದಿರಲಿಲ್ಲ. ನಿರೀಕ್ಷಕರು ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದರು. ಅದನ್ನು ಬರೆದವರಿಗೂ ಹೊಳೆದಿರಲಿಲ್ಲ.

ದರ್ಜಿ ಟೇಪನ್ನು ಎಸೆದ. ನಾದಿನಿ ಸುತ್ತಿಕೊಂಡು, ಉಸಿರನ್ನು ಪೂರ್ತಿ ಬಿಟ್ಟು ಓದಿದಳು. "ಐದಿಂಚು ಜಾಸ್ತಿ. ಎಲ್ಲಾರೂ ಕೇಳಿಸ್ಕೊಂಡ್ರಾ? ಐದು! ದಿನಾ ಸಂಜೆ ಬೇಕರಿ ಅಕ್ಕನ ಬೆಣ್ಣೆ ಬನ್ನು, ಎರಡೆರಡು."

"ಮೂರು," ಎಂದಳು ಬೇಕರಿಯಾಕೆ, ತನಗರಿವಿಲ್ಲದೆ. ವ್ಯಾಪಾರದಲ್ಲಿ ಅವಳು ಸುಳ್ಳು ಸಹಿಸುವವಳಲ್ಲ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. "ನಿಂದು ಬಿಡಮ್ಮಾ, ಹೆಚ್ಚೇನಲ್ಲ. ಮೇಷ್ಟ್ರ ಮನೇಲಿ ಇರೋದು ಇಬ್ಬರು, ದಿನಾ ಮೂರು ಪೌಂಡು ಬ್ರೆಡ್ಡು ಖರ್ಚು. ಯಾರು ತಿಂತಾರೆ ಅಂದ್ಕೊಂಡೆ, ಗೆದ್ದಲಾ?"

"ನಾನು ಪಾರಿವಾಳಕ್ಕೆ ಹಾಕ್ತೀನಿ!" ಎಂದರು ಮೇಷ್ಟ್ರು.

"ನಮ್ಮ ಬೀದೀಲಿ ಪಾರಿವಾಳ ಎಲ್ಲಿದೆ ಮೇಷ್ಟ್ರೇ?"

ಮೇಷ್ಟ್ರು ಆಕಾಶ ನೋಡಿದರು. ಅಲ್ಲಿ ಸಹಾಯವಿರಲಿಲ್ಲ. ಕೊನೆಗೆ ಕೊಡೆ ಮಡಚಿ, "ಆ ಟೇಪು ಇತ್ತ ಎಸಿ," ಎಂದರು. ಸುತ್ತಿಕೊಂಡು, ಈ ಸಲ ಉಸಿರು ಬಿಟ್ಟು ಓದಿದವರೇ ಕಣ್ಣರಳಿಸಿದರು. "ಮೂವತ್ತೊಂಬತ್ತು! ಐದು ನನ್ನದೂ! ಅಮ್ಮಾ, ನಿನಗೆ ನಾನು ಸಮ ಆದೆ!"

ಆಮೇಲೆ ತಡೆಯುವವರಿಲ್ಲ. ಟೇಪು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿತು. ನಡುನಡುವೆ ದರ್ಜಿಯ ಹೆಂಡತಿ ಅದಕ್ಕೆ ಸೋಪು ಹಾಕಿ ತೊಳೆದು ಕೊಡುತ್ತಿದ್ದಳು. "ಮೂರೂವರೆ!" "ಥೂ, ಅಷ್ಟೇನಾ? ನಂದು ಆರು!" ನಿನ್ನೆ ರೋಗವೆಂದು ಅತ್ತವರು ಇಂದು ಅರ್ಧ ಇಂಚಿಗಾಗಿ ಜಗಳವಾಡಿದರು. ಬೇಕರಿಯಾಕೆ ಏಳಿಂಚು ಎಂದು ಸಾರಿ, ತನ್ನ ಅಂಗಡಿಯ ಮಾಲಿನ ಗುಣಮಟ್ಟಕ್ಕೆ ಇದೇ ಗುರುತು ಎಂದಳು. ಬೀದಿಯ ಬಾಯಿಯಲ್ಲಿ ಇಣುಕಿದ ಪೋಸ್ಟ್‌ಮ್ಯಾನ್‌ನನ್ನು ಕಂಡು ಕೂಗಿದಳು: "ಬಾರಪ್ಪಾ, ನಿನ್ನ ಮೇಲೆ ಸಂಶಯ ಇಲ್ಲ! ಒಂದು ಬನ್ನು ತಿನ್ನು, ನೋಡೋಕಾಗಲ್ಲ ನಿನ್ನ!"

ನಿರೀಕ್ಷಕರು ಹಗ್ಗ ಬಿಚ್ಚಿಸಿದರು. ಆಮೇಲೆ ದರ್ಜಿಯ ಅಂಗಡಿಗೆ ಬಂದು ಹಸಿರು ಚೀಟಿಯನ್ನು ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು.

"ಸರ್ಕಾರಿ ಅಧಿಕಾರಿಗೆ ಸುಳ್ಳು ಹೇಳಿದೀರಿ. ಹದಿನೈದು ದಿನ ಬೀಗ."

"ಹ್ಞೂಂ," ಎಂದ ದರ್ಜಿ. ಅವನ ಮುಖದಲ್ಲಿದ್ದ ನೆಮ್ಮದಿ ನೋಡಿ ನಿರೀಕ್ಷಕರಿಗೆ ಸಿಟ್ಟೂ ಬಂತು, ಬೇರೇನೋ ಒಂದು ಬಂತು.

"ಸೋಮವಾರದಿಂದ," ಎಂದು ಸೇರಿಸಿದರು. "ಅಷ್ಟರಲ್ಲಿ ಇವರ ಬಟ್ಟೆ ಎಲ್ಲಾ ಬಿಚ್ಚಿ ಹೊಲೀರಿ. ಮೂವತ್ತು ಜನ ಲಾಡಿ ಪಾಯಿಜಾಮದಲ್ಲಿ ಮದುವೆಗೆ ಬಂದ್ರೆ ನನ್ನ ವರದೀಲಿ ಏನಂತ ಬರೀಲಿ?"

ಮರುದಿನ ನೋಂದಣಿ ಕಚೇರಿಯ ಹೊರಗಿನ ಅಂಗಳದಲ್ಲಿ ಬೀದಿಯವರೆಲ್ಲ ಸೀಮೆಸುಣ್ಣದ ವೃತ್ತಗಳಲ್ಲಿ ಒಬ್ಬೊಬ್ಬರಾಗಿ ನಿಂತಿದ್ದರು. ಎಲ್ಲರ ಬಟ್ಟೆಯ ಪಕ್ಕಗಳಲ್ಲೂ ಬೇರೆ ಬೇರೆ ಬಣ್ಣದ ಪಟ್ಟಿಗಳು. ಬಿಡಿಸಿದ್ದು ಸಾಲದೆ ಬಂದಾಗ ದರ್ಜಿ ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಜೋಡಿಸಿದ್ದ. ಮೇಷ್ಟ್ರ ಪ್ಯಾಂಟಿನ ಪಕ್ಕದಲ್ಲಿ ಹೂವಿನ ಚಿತ್ರವಿತ್ತು. ವಧುವಿನ ಬಿಳಿ ಗೌನಿಗೆ ಎರಡು ಕಡೆ ತಿಳಿನೀಲಿ. ಅವಳು ಎರಡು ಕೈಗಳನ್ನೂ ಪಕ್ಕಗಳಿಗೆ ಒತ್ತಿಕೊಂಡು ನೀಲಿಯನ್ನು ಮುಚ್ಚಿ ನಿಂತಿದ್ದಳು. ಬೀದಿಯೆದುರು ಹೇಳುವುದು ಬೇರೆ, ಅವನೆದುರು ನಿಲ್ಲುವುದು ಬೇರೆ.

ಬೇರೆ ಊರಿನಿಂದ ಬಂದ ವರ ಕಾರಿನಿಂದಿಳಿದ. ದೊಡ್ಡದೊಂದು ಹೂಗುಚ್ಛವನ್ನು ಹೊಟ್ಟೆಯ ಮುಂದೆ ಬಿಗಿಯಾಗಿ ಹಿಡಿದುಕೊಂಡು, ಅದನ್ನು ಯಾರಿಗೂ ಕೊಡಲೊಲ್ಲದೆ, ಅವಳಿಂದ ಆರಡಿ ದೂರದ ವೃತ್ತದಲ್ಲಿ ಬಂದು ನಿಂತ. ಎಂಟು ತಿಂಗಳ ಮೇಲೆ ಮುಖಾಮುಖಿ.  

"ಹೂವು ನನಗಲ್ವಾ?" ಎಂದಳು ಅವಳು.

ಅವನು ಒಂದು ಕ್ಷಣ ತಡೆದು, ಬಾಗಿ ಹೂಗುಚ್ಛವನ್ನು ನೆಲದ ಮೇಲಿಟ್ಟು ಅವಳತ್ತ ಸರಿಸಿದ. ಎದ್ದು ನಿಂತಾಗ ಕೋಟಿನ ಎರಡು ಅಂಚುಗಳು ಒಂದನ್ನೊಂದು ಕಾಣದಷ್ಟು ದೂರವಿದ್ದವು.

ಅವಳು ಕೈಗಳನ್ನು ಪಕ್ಕಗಳಿಂದ ತೆಗೆದಳು. "ಐದಿಂಚು," ಎಂದಳು.

ಅವನ ಕಣ್ಣುಗಳು ದೊಡ್ಡವಾದವು. "ಆರೂವರೆ."

"ನಿಜವಾಗ್ಲೂ?"

"ನಮ್ಮ ಟೈಲರ್ ಹೇಳಿದ್ದು ಎಂಟು. ನಾನು ಒಪ್ಕೊಂಡಿಲ್ಲ."

ಅವಳು ನಕ್ಕಳು. ಗ್ರಂಥಾಲಯದ ನಗುವಲ್ಲ, ಅಂಗಳದ ಆಚೆಗೂ ಕೇಳುವ ನಗು. ಅವನಿಗೂ ಹತ್ತಿಕೊಂಡಿತು. ಅದು ವೃತ್ತದಿಂದ ವೃತ್ತಕ್ಕೆ ದಾಟುವುದನ್ನು ಯಾವ ನಿಯಮಕ್ಕೂ ತಡೆಯಲಾಗಲಿಲ್ಲ. ಒಳಗಿನಿಂದ ನೋಂದಣಿ ಅಧಿಕಾರಿ ಬಂದು, "ಇದು ಗಂಭೀರವಾದ ವಿಷಯ, ಯಾರೂ ನಗಬೇಡಿ," ಎಂದು ಗದರಿ, ಇಬ್ಬರನ್ನೂ ಮೇಜಿನ ಎದುರು ಕೂರಿಸಿದರು. ಪ್ರಯೋಜನವಾಗಲಿಲ್ಲ. ನಗುವಿಗೆ ಇಬ್ಬರ ಕೈಯೂ ಅಲುಗಿ, ಸಹಿ ಮೂರು ಸಲ ಗೆರೆ ದಾಟಿ ಹೋಯಿತು. ನಾಲ್ಕನೆಯ ಕಾಗದದಲ್ಲಿ ಅವರ ಮದುವೆಯಾಯಿತು.